ಹಿಟ್ಟು ಹಚ್ಚಿದ ಬೆರಳು

ಆ ಮನೆಯವರ ದಿನ ಶುರುವಾಗುತ್ತಿದ್ದುದು ಕತ್ತಲೆ ಕೋಣೆಯಲ್ಲಿ. ಮನೆಯ ಹಿಂದಿನ ಶೆಡ್ಡಿನ ಮೂಲೆಯಲ್ಲಿ, ಕಿಟಕಿಗೆ ದಪ್ಪ ಬಟ್ಟೆ ಕಟ್ಟಿದ ಒಂದು ಕೋಣೆ. ಮೇಜಿನ ಮೇಲೆ ತಗಡಿನ ಡಬ್ಬ, ಡಬ್ಬದೊಳಗೆ ಬಲ್ಬು, ಮುಂದುಗಡೆ ಮೊಟ್ಟೆಗಿಂತ ಸ್ವಲ್ಪ ಚಿಕ್ಕದಾದ ಒಂದು ತೂತು. ಕೋಳಿ ಫಾರಂಗಳಿಂದ ಬಂದ ಮೊಟ್ಟೆಗಳನ್ನು ಒಂದೊಂದಾಗಿ ಆ ತೂತಿಗೆ ಹಿಡಿದು, ಬೆಳಕಿನಲ್ಲಿ ಒಳಗನ್ನು ನೋಡಿ ವಿಂಗಡಿಸುವುದು ಅವರ ಕಸುಬು. ಒಳ್ಳೆಯದು ಬಲಗಡೆಯ ಟ್ರೇಗೆ, ಬಿರುಕು ಬಿಟ್ಟದ್ದು ಎಡಗಡೆಗೆ, ಒಳಗೆ ಕೆಂಪು ಚುಕ್ಕೆ ಕಂಡದ್ದು ಕೆಳಗಿನ ಬಕೆಟ್ಟಿಗೆ. ಆ ಬೀದಿಯ ಹತ್ತೆಂಟು ಮನೆಗಳಿಗೂ ಇದೇ ಕೆಲಸ. ಎಲ್ಲರಿಗಿಂತ ಎತ್ತಿದ ಕೈ ಅಂದರೆ ಈ ಮನೆಯ ಅತ್ತೆ.

ಮದುವೆಯಾಗಿ ಬಂದ ಮರುವಾರವೇ ಸೊಸೆಯನ್ನು ಆ ಕತ್ತಲೆಯಲ್ಲಿ ಕೂರಿಸಿಕೊಂಡು ಅತ್ತೆ ಕೆಲಸ ಕಲಿಸಿದ್ದಳು. "ಮೂರೇ ಬೆರಳಲ್ಲಿ ಹಿಡಿ. ನೀನು ಹಿಡಿದಿದ್ದೀಯ ಅಂತ ಮೊಟ್ಟೆಗೇ ಗೊತ್ತಾಗಬಾರದು."

ಮೊದಲ ದಿನವೇ ಒಂದು ಮೊಟ್ಟೆಯೊಳಗೆ ಕೆಂಪು ಚುಕ್ಕೆ ಕಂಡು ಹುಡುಗಿ ಬೆಚ್ಚಿದ್ದಳು. "ಅತ್ತೆ, ನಾನು ಜೋರಾಗಿ ಒತ್ತಿಬಿಟ್ಟೆ ಅನ್ಸುತ್ತೆ."

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಅಯ್ಯೋ ಪೆದ್ದೀ, ಹೊರಗಿಂದ ಒತ್ತಿದ್ರೆ ಚಿಪ್ಪು ಒಡೆಯುತ್ತೆ, ಒಳಗೆ ರಕ್ತ ಬರುತ್ತಾ? ಅದು ಕೋಳಿ ಹೊಟ್ಟೇಲೇ ಆಗಿ ಬಂದಿದ್ದು. ಚುಕ್ಕೆ ಕಂಡಾಗ ಹಿಡಿದ ಕೈಯನ್ನ ಬೈಬಾರದು, ತಿಳ್ಕೋ."

ಸೊಸೆ ತಿಳಿದುಕೊಂಡಳು. ಆರು ತಿಂಗಳಲ್ಲಿ ಅತ್ತೆಯನ್ನೂ ಮೀರಿಸಿದಳು. ದಿನಕ್ಕೆ ಎರಡು ಸಾವಿರ ಮೊಟ್ಟೆ ಅವಳ ಬೆರಳುಗಳ ನಡುವೆ ಹಾದುಹೋದರೂ ಒಂದೂ ಬಿರುಕು ಬಿಡುತ್ತಿರಲಿಲ್ಲ. ಶೆಡ್ಡಿನ ಹೆಂಗಸರು ಅವಳಿಗೆ 'ಹೂಗೈ' ಎಂದು ಹೆಸರಿಟ್ಟರು. ಅವಳ ಗಂಡನಿಗೆ ಆಗಲೇ ಒಂದು ಅಡ್ಡಹೆಸರಿತ್ತು, 'ಆಯ್ತಪ್ಪ'. ಮೊಟ್ಟೆಯ ವ್ಯಾನು ಓಡಿಸುತ್ತಿದ್ದ ಆ ಪುಣ್ಯಾತ್ಮ ಅಮ್ಮ ಏನಂದರೂ 'ಆಯ್ತು', ಹೆಂಡತಿ ಅದಕ್ಕೆ ತದ್ವಿರುದ್ಧ ಅಂದರೂ 'ಆಯ್ತು' ಅನ್ನುತ್ತಿದ್ದ.

ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಯಾವುದಾದರೂ ಮೊಟ್ಟೆ ಬೆರಳೊತ್ತಿ ತಗ್ಗಾಗಿದ್ದರೆ ಅತ್ತೆ ಹಿಟ್ಟಿನ ಡಬ್ಬಿ ತೆಗೆಯುವಳು. ಕೆಲಸದವರೆಲ್ಲ ಹೆಬ್ಬೆರಳಿಗೆ ಹಿಟ್ಟು ಹಚ್ಚಿಕೊಂಡು ಆ ತಗ್ಗಿನ ಮೇಲಿಡಬೇಕು. ಯಾರ ಬೆರಳು ಸರಿಯಾಗಿ ಕೂರುತ್ತದೋ ತಪ್ಪು ಅವರದು, ಅವತ್ತಿನ ಕೊಳಕು ಟ್ರೇಗಳನ್ನೆಲ್ಲ ಅವರೇ ತೊಳೆಯಬೇಕು. ಅರ್ಧ ತಮಾಷೆ, ಅರ್ಧ ಶಿಕ್ಷೆ. ಮೊಟ್ಟೆಯ ಮಟ್ಟಿಗೆ ಇದರಿಂದ ಯಾರಿಗೂ ನಷ್ಟವಿರಲಿಲ್ಲ.

ಆದರೆ ಆ ಬೀದಿಯವರು ಹಿಟ್ಟಿನ ಡಬ್ಬಿಯನ್ನು ಶೆಡ್ಡಿನಲ್ಲೇ ಬಿಟ್ಟಿರಲಿಲ್ಲ, ಬಾಣಂತಿಯ ಕೋಣೆಗೂ ತಂದಿದ್ದರು. ಯಾವ ಕಾಲದಲ್ಲಿ, ಯಾವ ಬುದ್ಧಿವಂತೆ ತಂದಳೋ ಯಾರಿಗೂ ಗೊತ್ತಿಲ್ಲ. ಮಗು ಹುಟ್ಟಿದ ಮೂರನೆಯ ದಿನ ಬೀದಿಯ ಹಿರಿಯ ಹೆಂಗಸರು ಬಂದು ಮಗುವಿನ ಬಟ್ಟೆ ಬಿಚ್ಚಿ ನೋಡುವರು. ಇದಕ್ಕೆ 'ಕೈ ನೋಡುವುದು' ಎಂದು ಹೆಸರು. ಮೈಮೇಲೆ ನೀಲಿ ಕಲೆ ಕಂಡರೆ ತಾಯಿಯ ಬೆರಳಿಗೆ ಹಿಟ್ಟು ಹಚ್ಚಿ ಕಲೆಯ ಮೇಲಿಡುವರು. ಬೆರಳು ಕೂತರೆ ಅವಳು 'ಭಾರಗೈ'. ಅವಳಿಂದ ನಲವತ್ತು ದಿನ ಮಗುವನ್ನು ದೂರ ಇಡಬೇಕು.

ಎರಡು ವರ್ಷದ ಹಿಂದೆ ಸೊಸೆಯ ಮೊದಲ ಮಗು ಮನೆಯಲ್ಲೇ ಹುಟ್ಟಿತು. ಗಂಡುಮಗು, ಹುಟ್ಟುತ್ತಲೇ ಶೆಡ್ಡಿನವರೆಗೂ ಕೇಳುವಂತೆ ಅತ್ತಿತ್ತು. ಮೂರನೆಯ ದಿನ ಬಟ್ಟೆ ಬಿಚ್ಚಿದಾಗ ಬೆನ್ನಿನ ಮೇಲೆ ಎರಡು, ತೊಡೆಯ ಮೇಲೆ ಒಂದು ನೀಲಿ ಕಲೆ. ಎದೆಯ ಮೇಲೆ ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕೆಗಳು. ಹಿಟ್ಟು ಬಂತು, ಬೆರಳು ಕೂತಿತು. ಹೂಗೈಯವಳು ಒಂದೇ ಗಳಿಗೆಯಲ್ಲಿ ಭಾರಗೈಯವಳಾದಳು.

"ನಾನು ಚಿವುಟಿಲ್ಲ ಅತ್ತೆ."

"ಬೇಕೂಂತ ಚಿವುಟಿದೆ ಅಂತ ಯಾರಂದ್ರು? ಕೈ ಭಾರ ಇದೆ, ನಿನ್ನ ಹಣೆಬರಹ. ಕೊಡು ಇಲ್ಲಿ."

ಮಗು ಅತ್ತೆಯ ಕೋಣೆ ಸೇರಿತು. ಕಲೆ ಕರಗಲಿ ಎಂದು ದಿನಕ್ಕೆರಡು ಸಲ ಎಣ್ಣೆ ಹಚ್ಚಿ ತಿಕ್ಕಿದರು. ಡಾಕ್ಟರಿಗೆ ತೋರಿಸೋಣವೇ ಎಂದು ಮಗ ಕೇಳಿದ್ದಕ್ಕೆ ಅತ್ತೆ, "ತಾಯಿ ಕೈಗೆ ಸಿಕ್ಕಿ ಮಗು ನೀಲಿಗಟ್ಟಿದೆ ಅಂತ ಹೋಗಿ ಹೇಳ್ತೀಯಾ? ಮನೆ ಮಾನ ಹರಾಜಿಗಿಡ್ತೀಯಾ?" ಅಂದಳು. ಮಗ 'ಆಯ್ತು' ಅಂದ. ಐದನೆಯ ದಿನ ಬೆಳಗ್ಗೆ ಮಗುವಿನ ಅಳು ಕೀರಲಾಯಿತು. ಹಾಲು ಕಕ್ಕಿತು, ಕೈಕಾಲು ಸೆಟೆಯಿತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಗೋಡೆಯ ಈಚೆ ಕೂತಿದ್ದ ತಾಯಿಗೆ ಕೊನೆಯ ಎರಡು ದಿನ ಅದರ ಮುಖವನ್ನೂ ತೋರಿಸಿರಲಿಲ್ಲ.

ಇದನ್ನು ಬರೆಯುವಾಗ ನನಗೆ ಮೈ ಉರಿಯುತ್ತದೆ, ಮುಚ್ಚಿಡುವುದಿಲ್ಲ. ಅತ್ತೆ ರಾಕ್ಷಸಿಯಾಗಿದ್ದರೆ ಕತೆ ಎಷ್ಟೋ ಸುಲಭವಿತ್ತು. ಅವಳು ಆ ಮಗುವಿಗಾಗಿ ತಿಂಗಳುಗಟ್ಟಲೆ ಅತ್ತಳು, ಊಟ ಬಿಟ್ಟಳು, ಮತ್ತು ಸೊಸೆಯೇ ಕೊಂದಳು ಎಂದು ಮನಸಾರೆ ನಂಬಿದಳು. ಅದಕ್ಕಿಂತ ಘೋರವೆಂದರೆ, ಸೊಸೆಯೂ ನಂಬಿದಳು. ಅವಳನ್ನು ದೀಪದ ಮುಂದಿನಿಂದ ಎಬ್ಬಿಸಿ ಹಿತ್ತಲಿನ ತೊಟ್ಟಿಯ ಬಳಿ ಟ್ರೇ ತೊಳೆಯಲು ಹಾಕಿದ್ದರು. ಒಂದು ದಿನದ ಶಿಕ್ಷೆಯಲ್ಲ, ಎರಡು ವರ್ಷ. ತೊಳೆಯುತ್ತ ತೊಳೆಯುತ್ತ ಅವಳು ತನ್ನ ಬೆರಳುಗಳನ್ನೇ ನೋಡುತ್ತಿದ್ದಳು, ಯಾರೋ ಬೇರೆಯವರ ಬೆರಳುಗಳನ್ನು ನೋಡಿದ ಹಾಗೆ.

ಹೀಗಿರುವಾಗ ಅವಳು ಮತ್ತೆ ಬಸುರಾದಳು.

ಏಳನೆಯ ತಿಂಗಳಲ್ಲಿ ಒಂದು ಬೆಳಗ್ಗೆ ಆಸ್ಪತ್ರೆಯ ಸಿಸ್ಟರ್ ಮೊಟ್ಟೆ ಒಯ್ಯಲು ಬಂದಳು. ಐವತ್ತರ ಹೆಂಗಸು, ಮಾತು ಕಡಿಮೆ, ಕಣ್ಣು ಚುರುಕು. ತೊಟ್ಟಿಯ ಬಳಿ ಸೀರೆ ಎತ್ತಿ ಕಟ್ಟಿ ಕೂತಿದ್ದ ಸೊಸೆಯ ಮೊಣಕಾಲಿನ ಕೆಳಗೆ ನೀಲಿ ಕಲೆಗಳನ್ನು ಕಂಡು ಅವಳು ಟ್ರೇಯನ್ನು ಕೆಳಗಿಟ್ಟಳು.

"ಇದೇನಮ್ಮ? ಯಾರಾದ್ರೂ ಹೊಡೀತಾರಾ?"

"ಇಲ್ಲ ಸಿಸ್ಟರ್. ಎಲ್ಲಾದ್ರೂ ತಾಗಿಸ್ಕೊಂಡಿರ್ತೀನಿ. ನನ್ನ ಕೈಕಾಲೇ ಭಾರ."

"ಹಲ್ಲುಜ್ಜುವಾಗ ರಕ್ತ ಬರುತ್ತಾ?"

"ಬರುತ್ತೆ. ಅದು ಮೊದಲಿಂದ್ಲೂ ಇದೆ."

ಸಿಸ್ಟರ್ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಅವಳ ಕಾಲನ್ನು ಬಿಸಿಲಿಗೆ ತಿರುಗಿಸಿದಳು. ಕಲೆಗಳ ಸುತ್ತ ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕೆಗಳಿದ್ದವು. ಸೊಸೆಯೂ ಬಗ್ಗಿ ನೋಡಿದಳು. ಇಂಥವೇ ಚುಕ್ಕೆಗಳನ್ನು ಅವಳು ಇನ್ನೊಂದು ಪುಟ್ಟ ಎದೆಯ ಮೇಲೆ ನೋಡಿದ್ದಳು.

"ನನ್ನ ಮೊದಲನೇ ಮಗುಗೂ ಹೀಗೇ ಇತ್ತು ಸಿಸ್ಟರ್," ಅಂದಳು.

"ಈಗಲೇ ಏಳು. ನನ್ನ ಜೊತೆ ಬಾ," ಅಂದಳು ಸಿಸ್ಟರ್.

ಒದ್ದೆ ಸೀರೆಯಲ್ಲೇ ಅವಳು ಹೋದಳು. ರಕ್ತ ತೆಗೆದರು. ರಕ್ತದ ಕಣಗಳನ್ನು ಒಂದು ಸಲ ಎಣಿಸಿದವರು ನಂಬದೆ ಇನ್ನೊಂದು ಸಲ ತೆಗೆದು ಎಣಿಸಿದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಆದರೆ ಅವಸರದವಳಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದಳು.

"ನಮ್ಮ ರಕ್ತದಲ್ಲಿ ಪ್ಲೇಟ್‌ಲೆಟ್ ಅಂತ ಸಣ್ಣ ಕಣಗಳಿರುತ್ತವೆ. ಎಲ್ಲಾದ್ರೂ ರಕ್ತ ಸೋರಿದ್ರೆ ಓಡಿಹೋಗಿ ಆ ತೂತು ಮುಚ್ಚೋದು ಅವುಗಳ ಕೆಲಸ. ಒಂದೂವರೆ ಲಕ್ಷದ ಮೇಲಿರಬೇಕು. ನಿಮಗೆ ಮೂವತ್ತೆಂಟು ಸಾವಿರ ಇದೆ. ಬಸುರಲ್ಲಿ ಎಷ್ಟೋ ಜನಕ್ಕೆ ಸ್ವಲ್ಪ ಇಳಿಯುತ್ತೆ, ಅದರಿಂದ ತೊಂದರೆ ಇಲ್ಲ. ನಿಮ್ಮದು ಹಾಗಲ್ಲ. ಇನ್ನೂ ಕೆಲವು ಪರೀಕ್ಷೆ ಮಾಡ್ತೀವಿ. ಆದರೆ ನಿಮ್ಮ ಮೈಯನ್ನ ಕಾಯೋ ಶಕ್ತಿಯೇ ದಾರಿ ತಪ್ಪಿ ಈ ಕಣಗಳನ್ನ ಕೊಲ್ತಿದೆ ಅಂತ ಕಾಣುತ್ತೆ."

"ಮಗುಗೆ?"

"ಅದೇ ಶಕ್ತಿ ಹೊಕ್ಕುಳಬಳ್ಳಿ ದಾಟಿ ಮಗುವಿನ ಕಣಗಳನ್ನೂ ಕೊಲ್ಲಬಹುದು. ಎಲ್ಲ ಮಕ್ಕಳಿಗೂ ಆಗಲ್ಲ. ಆದ್ರೆ ಆಗುತ್ತಾ ಇಲ್ವಾ ಅಂತ ನೋಡಲೇಬೇಕು. ಹುಟ್ಟಿದ ದಿನ ಮಗು ಚೆನ್ನಾಗೇ ಕಾಣುತ್ತೆ. ಎಣಿಕೆ ಇಳಿಯೋದು ಆಮೇಲಿನ ಎರಡರಿಂದ ಐದು ದಿನದಲ್ಲಿ. ಅಪರೂಪಕ್ಕೆ ಮೆದುಳಿನೊಳಗೆ ರಕ್ತ ಸೋರುತ್ತೆ. ಅದಕ್ಕೇ ಹೆರಿಗೆ ಇಲ್ಲೇ ಆಗಬೇಕು. ಮಗುವಿನ ರಕ್ತ ದಿನಾ ನೋಡ್ಬೇಕು. ತಿಕ್ಕೋದು, ಒತ್ತೋದು ಕೂಡದು."

ಸೊಸೆ ತನ್ನ ಎರಡೂ ಅಂಗೈ ಮೇಜಿನ ಮೇಲೆ ಚಾಚಿದಳು. "ಡಾಕ್ಟರಮ್ಮ, ಮೊದಲನೇದನ್ನ ಈ ಕೈ ಕೊಂದಿದ್ದಾ?"

"ನೋಡದ ಮಗುವಿನ ಬಗ್ಗೆ ಆಣೆ ಇಟ್ಟು ಹೇಳಲಾರೆ. ಆದರೆ ನೀವು ಹೇಳಿದ್ದೆಲ್ಲ ಈ ಕಾಯಿಲೆಗೇ ಹೊಂದುತ್ತೆ. ಎತ್ತಿಕೊಂಡಿದ್ದಕ್ಕೆ, ಹಾಲು ಕುಡಿಸಿದ್ದಕ್ಕೆ ಯಾವ ಮಗುವೂ ಹಾಗೆ ನೀಲಿಗಟ್ಟಲ್ಲ."

ಹೊರಗೆ ಬಂದು ಬೆಂಚಿನ ಮೇಲೆ ಕೂತ ಸೊಸೆ ಅಳಲಿಲ್ಲ. ಎರಡು ವರ್ಷ ಅತ್ತಾಗಿತ್ತು. ಈಗ ಬಂದದ್ದು ಸಿಟ್ಟು, ಒಳ್ಳೆಯ, ಗಟ್ಟಿಯಾದ ಸಿಟ್ಟು. ಅದು ಬಂದದ್ದರಿಂದ ಅವಳಿಗೆ ಹಸಿವೂ ಆಯಿತು.

ಮರುದಿನ ಉಳಿದ ಪರೀಕ್ಷೆಗಳೂ ಡಾಕ್ಟರಮ್ಮ ಊಹಿಸಿದ್ದನ್ನೇ ಹೇಳಿದವು, ಮಾತ್ರೆ ಶುರುವಾಯಿತು. ಅಂದು ಊಟದ ಹೊತ್ತಿಗೆ ಅವಳು ವಿಷಯ ಎತ್ತಿದಳು. ಅತ್ತೆ ತಟ್ಟೆಯಿಂದ ಮುಖ ಎತ್ತಲೇ ಇಲ್ಲ.

"ನಾನು ಈ ಬೀದೀಲಿ ಮೂವತ್ತು ಹೆರಿಗೆ ಮಾಡಿಸಿದ್ದೀನಿ. ನನಗೆ ಗೊತ್ತಿಲ್ಲದ್ದು ನಿನ್ನೆ ಮೊನ್ನೆ ಹುಟ್ಟಿದ ಆ ಹುಡುಗಿಗೆ ಗೊತ್ತಾ?"

"ಅವರು ರಕ್ತ ನೋಡಿ ಹೇಳಿದ್ರು ಅತ್ತೆ. ನೀವು ಬೆರಳು ನೋಡಿ ಹೇಳಿದ್ರಿ."

"ಬಾಯಿ ಬಂತು ನಿನಗೆ. ಬಸುರಿ ಮೈಯಿಂದ ಸಿರಿಂಜುಗಟ್ಟಲೆ ರಕ್ತ ಹೀರ್ತಾರೆ, ಮಾತ್ರೆ ಕೊಡ್ತಾರೆ. ಮಗು ಕಲೆಕಲೆಯಾಗಿ ಹುಟ್ಟಿದ್ರೆ ಕಾಯಿಲೆ ಮೇಲೆ ಹಾಕಿ ಕೈ ತೊಳ್ಕೊಳ್ತೀಯ. ಭಾರಗೈಯವರಿಗೆಲ್ಲ ಒಳ್ಳೇ ನೆಪ ಸಿಕ್ಕಿತು."

"ನೆಪ ಅಲ್ಲ ಅತ್ತೆ. ನನ್ನ ಹೆರಿಗೆ ಆಸ್ಪತ್ರೇಲೇ ಆಗುತ್ತೆ," ಸೊಸೆ ಕಡ್ಡಿ ಮುರಿದಂತೆ ಹೇಳಿದಳು. "ಮೂರನೇ ದಿನ ಕೈ ನೋಡೋದು ಇರಲ್ಲ. ಮಗುನ ಯಾರೂ ತಿಕ್ಕಲ್ಲ, ನನ್ನಿಂದ ಯಾರೂ ಕಿತ್ಕೊಳ್ಳಲ್ಲ."

ಇಬ್ಬರೂ ಮೂರನೆಯವನ ಕಡೆ ತಿರುಗಿದರು. ಆಯ್ತಪ್ಪ ನೀರಿನ ಲೋಟ ಎತ್ತಿ, ಇಳಿಸಿ, ಮತ್ತೆ ಎತ್ತಿದ. "ಆಯ್ತು," ಅಂದ. ಯಾರಿಗೆ ಅಂದ ಅನ್ನುವುದು ಇಬ್ಬರಿಗೂ ತಿಳಿಯಲಿಲ್ಲ.

ಅವನನ್ನು ನಂಬಿ ಕೂತರೆ ಕೆಟ್ಟೆ ಎಂದು ಸೊಸೆ ತಾನೇ ನಡೆದಳು. ವಾರಕ್ಕೊಮ್ಮೆ ಹೋಗಿ ರಕ್ತ ಕೊಟ್ಟಳು, ಹೊತ್ತು ಹೊತ್ತಿಗೆ ಮಾತ್ರೆ ನುಂಗಿದಳು. ಮಾತ್ರೆಯಿಂದ ಮುಖ ಊದಿಕೊಂಡಿತು. ಬೀದಿಯ ಹೆಂಗಸರು ಮೂಗು ಮುರಿದರು. ಮೂವತ್ತೆಂಟು ಸಾವಿರವಿದ್ದ ಎಣಿಕೆ ಅರವತ್ತಾಯಿತು, ಅರವತ್ತು ಎಂಬತ್ತೆರಡಾಯಿತು. ನೋವು ಶುರುವಾದ ಬೆಳಗ್ಗೆ ಅತ್ತೆ ಕೋಣೆಯಲ್ಲಿ ಚಾಪೆ ಹಾಸಿ ನೀರು ಕಾಯಿಸಲು ಇಟ್ಟಿದ್ದಳು. ಸೊಸೆ ಚೀಲ ಹಿಡಿದು ನೇರವಾಗಿ ಹೋಗಿ ಮೊಟ್ಟೆಯ ವ್ಯಾನಿನಲ್ಲಿ ಕೂತಳು.

"ರೀ, ಓಡಿಸ್ತೀರೋ, ನಾನೇ ನಡ್ಕೊಂಡು ಹೋಗ್ಲೋ?"

ಆಯ್ತಪ್ಪ ಅಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಹಿಂದುಗಡೆ ಇನ್ನೂರು ಟ್ರೇ ಇದ್ದವು. ಇಳಿಸುವ ಗೋಜಿಗೂ ಹೋಗದೆ ಅವನು ಗಾಡಿ ಚಾಲೂ ಮಾಡಿದ. ಅವನು ಅಷ್ಟು ಮೆಲ್ಲಗೆ, ಅಷ್ಟು ಹುಷಾರಾಗಿ ಯಾವತ್ತೂ ವ್ಯಾನು ಓಡಿಸಿರಲಿಲ್ಲ. ಒಂದು ಮೊಟ್ಟೆಯೂ ಒಡೆಯಲಿಲ್ಲ.

ಸಂಜೆಗೆ ಹೆಣ್ಣುಮಗು ಹುಟ್ಟಿತು. ಮಗುವಿಗೆ ನೋವಾಗದಂತೆ ಹೊಕ್ಕುಳಬಳ್ಳಿಯಿಂದಲೇ ರಕ್ತ ತೆಗೆದು ನೋಡಿದರು, ಅರವತ್ತು ಸಾವಿರ. ಎರಡನೆಯ ದಿನ ನಲವತ್ತೊಂದು. ಮೂರನೆಯ ದಿನ ಬೆಳಗ್ಗೆ ಇಪ್ಪತ್ತಾರು, ಬೆನ್ನಿನ ಮೇಲೆ ಎರಡು ನೀಲಿ ಕಲೆ. ತಲೆಯ ಸ್ಕ್ಯಾನ್ ಮಾಡಿ ಒಳಗೆ ರಕ್ತ ಸೋರಿಲ್ಲವೆಂದು ಖಚಿತಪಡಿಸಿಕೊಂಡು, ಮಗುವಿನ ಪುಟ್ಟ ಕೈಗೆ ಸೂಜಿ ಹಾಕಿ ಔಷಧಿಯ ಡ್ರಿಪ್ ಹಚ್ಚಿದರು.

"ಇದು ಕೆಲಸ ಮಾಡುತ್ತೆ ಅಂತ ನಂಬಿದ್ದೀವಿ. ಇವತ್ತು ನಾಳೆ ಎರಡು ದಿನ ಮುಖ್ಯ," ಅಂದಳು ಡಾಕ್ಟರಮ್ಮ.

"ಎತ್ಕೋಬಹುದಾ?"

"ಎತ್ಕೊಳ್ಳಿ, ಹಾಲು ಕುಡಿಸಿ. ನಿಮ್ಮ ಕೈ ಬೇಕು ಅದಕ್ಕೆ."

ಹನ್ನೊಂದು ಗಂಟೆಗೆ ಅತ್ತೆ ಬಂದಳು. ಜೊತೆಗೆ ಬೀದಿಯ ನಾಲ್ಕು ಹೆಂಗಸರು, ಅವರ ಹಿಂದೆ ಮುಖ ತಗ್ಗಿಸಿಕೊಂಡು ಆಯ್ತಪ್ಪ. ಭೇಟಿಯ ಹೊತ್ತಾದ್ದರಿಂದ ಬಾಗಿಲಲ್ಲಿ ಯಾರೂ ತಡೆದಿರಲಿಲ್ಲ. ಅತ್ತೆ ಹಾಸಿಗೆಯ ಪಕ್ಕ ಬಂದು ಮಗುವಿನ ಹೊದಿಕೆ ಸರಿಸಿ, ಬೆನ್ನಿನತ್ತ ಬಗ್ಗಿದಳು. ಅವಳ ಮುಖ ಬಿಳಿಚಿಕೊಂಡಿತು.

"ನೋಡಿದ್ರಾ?" ಅಂದಳು ಹೆಂಗಸರಿಗೆ. ಆಮೇಲೆ ಸೊಸೆಯತ್ತ ತಿರುಗಿದಳು. "ಮತ್ತೆ ಅದೇ. ಇನ್ನೊಂದನ್ನೂ ಕಳ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ ಕಣೇ. ಕೊಡು ಇಲ್ಲಿ, ಮನೆಗೆ ಒಯ್ತೀನಿ." ಸೀರೆಯ ಮಡಿಲಿನಿಂದ ಹಿಟ್ಟಿನ ಡಬ್ಬಿ ಹೊರಬಂತು.

ಸೊಸೆ ಮಗುವನ್ನು ಎಡತೋಳಿನಲ್ಲಿ ಎದೆಗವಚಿಕೊಂಡು ಎದ್ದು ಕೂತಳು. "ಹಿಟ್ಟು ತಂದಿದ್ದು ಒಳ್ಳೇದೇ ಆಯ್ತು ಅತ್ತೆ. ಮಗುನ ಮುಟ್ಟಬೇಡಿ. ಮೊದಲು ನನ್ನ ನೋಡಿ." ಬಲಗೈಯಿಂದ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿದಳು. ಕಣಕಾಲಿನ ಮೇಲೆ ಹಳೆಯ ಹಸಿರು ಕಲೆಗಳ ನಡುವೆ ಹೊಸತೊಂದು ನೀಲಿ ಕಲೆ. "ಇದು ಯಾರ ಕೈ? ಯಾರು ಚಿವುಟಿದ್ದು ನನ್ನ? ನಿಮ್ಮ ಬೆರಳಿಡಿ."

"ಏನೇ ಹುಚ್ಚುಚ್ಚಾಗಿ ಮಾತಾಡ್ತೀಯ?"

"ನಿಮ್ಮದೇ ಪದ್ಧತಿ. ಹಚ್ಕೊಳ್ಳಿ ಹಿಟ್ಟು. ಮೆಲ್ಲಗೆ ಇಡಿ, ಒತ್ತಬೇಡಿ."

ಅತ್ತೆ ಅಲ್ಲಾಡಲಿಲ್ಲ. ಸೊಸೆಯೇ ಡಬ್ಬಿ ತೆರೆದು, ಅತ್ತೆಯ ಹೆಬ್ಬೆರಳನ್ನು ಹಿಟ್ಟಿಗೆ ಅದ್ದಿ, ಮೂರೇ ಬೆರಳಲ್ಲಿ ಹಿಡಿದು ತನ್ನ ಕಲೆಯ ಮೇಲಿಟ್ಟಳು. ಅಳೆದು ಮಾಡಿಸಿದಂತೆ ಕೂತಿತು. ಎತ್ತಿದಾಗ ನೀಲಿಯ ಮೇಲೆ ಬಿಳಿಯ ಗುರುತು ಎಲ್ಲರಿಗೂ ಕಂಡಿತು.

"ಹಾಗಾದ್ರೆ ನೀವು ಭಾರಗೈ. ನನ್ನ ಚಿವುಟಿದ್ದು ನೀವೇ ಅಂತಾಯ್ತು. ಮುಂದಿನವರು ಬನ್ನಿ."

ಯಾರೂ ಮುಂದೆ ಬರಲಿಲ್ಲ. ನಾಲ್ವರಲ್ಲಿ ಕಿರಿಯವಳು, ತಾನೂ ಐದು ತಿಂಗಳ ಬಸುರಿ, ತನ್ನ ಹೆಬ್ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಹೆಬ್ಬೆರಳಷ್ಟು ಕಲೆ ಮೇಲೆ ಯಾವ ಹೆಬ್ಬೆರಳಿಟ್ರೂ ಕೂರುತ್ತೆ," ಅಂದಳು ಸೊಸೆ. "ನನ್ನ ಮಗ ಸತ್ತಾಗ ನಿಮ್ಮಲ್ಲಿ ಒಬ್ಬರಾದ್ರೂ ನಿಮ್ಮ ಬೆರಳಿಟ್ಟು ನೋಡಿದ್ರಾ? ನನ್ನದೊಂದೇ ಸಾಕಾಯ್ತು. ಅತ್ತೆ, ನಾನು ಬಂದ ಹೊಸದ್ರಲ್ಲಿ ಮೊಟ್ಟೆಯೊಳಗೆ ರಕ್ತ ಕಂಡು ಹೆದರಿದ್ದೆ. ಆವಾಗ ನೀವು ಏನಂದ್ರಿ, ಜ್ಞಾಪಕ ಇದೆಯಾ?"

ಅತ್ತೆ ಹಿಟ್ಟು ಹತ್ತಿದ ಹೆಬ್ಬೆರಳನ್ನು ಸೀರೆಗೆ ಒರೆಸಿಕೊಂಡಳು.

"ನೀವು ಹೇಳದಿದ್ರೆ ನಾನು ಹೇಳ್ತೀನಿ. ಹೊರಗಿಂದ ಒತ್ತಿದ್ರೆ ಒಳಗೆ ರಕ್ತ ಬರಲ್ಲ, ಚುಕ್ಕೆ ಕಂಡಾಗ ಹಿಡಿದ ಕೈಯನ್ನ ಬೈಬಾರದು ಅಂದ್ರಿ. ಕೋಳಿಮೊಟ್ಟೆಗೆ ಕೊಟ್ಟ ನ್ಯಾಯ ನನಗೆ ಕೊಡಲಿಲ್ಲ ನೀವು. ಒಂದು ದಿನ ಆಸ್ಪತ್ರೆಗೆ ತಂದಿದ್ರೆ ಅವನು ಬದುಕ್ತಿದ್ನೋ ಏನೋ. ನಿಮ್ಮ ಮಾನ ಉಳೀತು, ಮಗು ಉಳೀಲಿಲ್ಲ. ಇದನ್ನ ನಾನು ಕೊಡಲ್ಲ."

"ಮಗನೇ," ಅತ್ತೆ ತಿರುಗಿದಳು, "ಕೇಳಿದ್ಯೇನೋ ಇವಳ ಮಾತು? ಮಗುನ ಎತ್ಕೋ, ನಡಿ ಮನೆಗೆ."

ಎಲ್ಲರೂ ಅವನ ಬಾಯಿಂದ ಬರುವ ಆ ಒಂದು ಮಾತಿಗೆ ಕಾದರು. ಅವನು ಸೂಜಿ ಚುಚ್ಚಿದ್ದ ಮಗುವಿನ ಕೈಯನ್ನು ನೋಡಿದ. ಹೆಂಡತಿಯ ಕಾಲಿನ ಮೇಲೆ ಅಮ್ಮನ ಬೆರಳು ಬಿಟ್ಟಿದ್ದ ಹಿಟ್ಟಿನ ಗುರುತನ್ನು ನೋಡಿದ.

"ಆಗಲ್ಲಮ್ಮ," ಅಂದ.

ಹುಟ್ಟಿದಂದಿನಿಂದ ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲಿರಬೇಕು. ಹೇಳಿದ ಮೇಲೆ ಅವನೇ ಗಾಬರಿಯಾಗಿ ಗೋಡೆಗೆ ಒರಗಿ ನಿಂತ. ಅಷ್ಟರಲ್ಲಿ ಸಿಸ್ಟರ್ ಬಂದು, "ಮಗುಗೆ ಹಾಲು ಕುಡಿಸೋ ಹೊತ್ತು, ಎಲ್ಲರೂ ಹೊರಗಿರಿ," ಅಂದಳು. ಯಾರಿಗೂ ಕಾಯದೆ ಸೊಸೆ ಎಲ್ಲರ ಎದುರಿಗೇ ಮಗುವನ್ನು ಎದೆಗೆ ಹಚ್ಚಿದಳು. ಅತ್ತೆ ಡಬ್ಬಿಯನ್ನು ಅಲ್ಲೇ ಬಿಟ್ಟು ಹೊರಗೆ ನಡೆದಳು.

ನಾಲ್ಕನೆಯ ದಿನ ಮೂವತ್ತೊಂಬತ್ತು ಸಾವಿರ. ಐದನೆಯ ದಿನ, ಮಗುವಿನ ಅಣ್ಣ ತೀರಿಕೊಂಡಿದ್ದ ಆ ಐದನೆಯ ದಿನ, ಎಪ್ಪತ್ತನಾಲ್ಕು. ಡಾಕ್ಟರಮ್ಮ ಚೀಟಿ ಹಿಡಿದು ನಗುತ್ತ ಬಂದಾಗ ಸೊಸೆ ಎರಡು ವರ್ಷದಲ್ಲಿ ಮೊದಲ ಸಲ ಸಂತೋಷಕ್ಕೆ ಅತ್ತಳು. ಹತ್ತನೆಯ ದಿನ ಮಗು ಮನೆಗೆ ಬಂತು. ವಾರ ವಾರ ರಕ್ತ ನೋಡಿಸಿದರು, ಎರಡು ತಿಂಗಳ ಹೊತ್ತಿಗೆ ಎಣಿಕೆ ಒಂದೂವರೆ ಲಕ್ಷ ದಾಟಿತು. ಅತ್ತೆ ಮಗುವನ್ನು ದೂರದಿಂದ ನೋಡುತ್ತಿದ್ದಳು. ಸೊಸೆ ಜೊತೆ ಬೇಕಾದಷ್ಟೇ ಮಾತು.

ಮೂರನೆಯ ತಿಂಗಳು ಸೊಸೆ ಯಾರ ಅಪ್ಪಣೆಯನ್ನೂ ಕೇಳದೆ, ಮಗುವನ್ನು ಶೆಡ್ಡಿನ ತೊಟ್ಟಿಲಲ್ಲಿ ಮಲಗಿಸಿ, ದೀಪದ ಮುಂದೆ ತನ್ನ ಹಳೆಯ ಜಾಗದಲ್ಲಿ ಹೋಗಿ ಕೂತಳು. ಅತ್ತೆ ಪಕ್ಕದ ಮಣೆಯ ಮೇಲಿದ್ದಳು. ಇಬ್ಬರೂ ಮೊಟ್ಟೆ ಹಿಡಿದು ನೋಡತೊಡಗಿದರು. ಸ್ವಲ್ಪ ಹೊತ್ತಿಗೆ ಅತ್ತೆಯ ಕೈಗೊಂದು ಕೆಂಪು ಚುಕ್ಕೆಯ ಮೊಟ್ಟೆ ಸಿಕ್ಕಿತು. ಬಕೆಟ್ಟಿಗೆ ಹಾಕದೆ ಅವಳು ಅದನ್ನು ಬೆಳಕಿಗೆ ಹಿಡಿದುಕೊಂಡೇ ಇದ್ದಳು. ಬಲ್ಬಿನ ಶಾಖಕ್ಕೆ ಮೊಟ್ಟೆ ಬೆಚ್ಚಗಾಗುವಷ್ಟು ಹೊತ್ತು.

ಬಾಗಿಲ ಪರದೆ ಸರಿಯಿತು. ಬೀದಿಯ ಆ ಕಿರಿಯ ಬಸುರಿ, ಈಗ ಎಂಟು ತಿಂಗಳು ತುಂಬಿದವಳು, ಹೊಸ್ತಿಲಲ್ಲಿ ನಿಂತಿದ್ದಳು. ಹಿಂದೆ ಮುಂದೆ ನೋಡಿ ತೋಳಿನ ಬಟ್ಟೆ ಮೇಲೆತ್ತಿದಳು.

"ಅಕ್ಕಾ, ನನಗೂ ಕಲೆ ಬೀಳ್ತಿದೆ. ನಮ್ಮತ್ತೆಗೆ ಹೇಳಿಲ್ಲ."

ಸೊಸೆ ಏಳುವಷ್ಟರಲ್ಲಿ ಅತ್ತೆ ಕೆಂಪು ಚುಕ್ಕೆಯ ಮೊಟ್ಟೆಯನ್ನು ಮೆಲ್ಲಗೆ ಬಕೆಟ್ಟಿಗಿಟ್ಟು ಎದ್ದಳು.

"ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗು," ಅಂದಳು ಸೊಸೆಗೆ, ಮುಖ ನೋಡದೆ. "ಅವರತ್ತೆ ಹತ್ರ ನಾನು ಮಾತಾಡ್ತೀನಿ."

ಹಾಗೆಂದು ಅವಳು ಸೀರೆ ಎತ್ತಿ ಕಟ್ಟಿ ಹಿತ್ತಲಿಗೆ ಹೋದಳು. ತೊಟ್ಟಿಯ ಬಳಿ ಕುಕ್ಕರುಗಾಲಲ್ಲಿ ಕೂತು, ಅವತ್ತಿನ ಕೊಳಕು ಟ್ರೇಗಳನ್ನು ಒಂದೊಂದಾಗಿ ಎಳೆದುಕೊಂಡು ತೊಳೆಯತೊಡಗಿದಳು. ಶೆಡ್ಡಿನ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಯಾರು ಯಾವಾಗ ಟ್ರೇ ತೊಳೆಯುತ್ತಾರೆಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು.

ಸೊಸೆಗೂ ಗೊತ್ತಿತ್ತು. ಮಗುವನ್ನು ಎತ್ತಿಕೊಂಡು, ಬಸುರಿಯ ಕೈ ಹಿಡಿದು, ಅವಳು ತೊಟ್ಟಿಯ ಪಕ್ಕದಿಂದಲೇ ಹಾದುಹೋದಳು. ಬಿಡಿ ಅತ್ತೆ, ನಾನು ತೊಳೀತೀನಿ ಎಂದು ಹೇಳಲಿಲ್ಲ.